ಪೋಷಿತಾ, 134 ಮತ್ತು ಬೇಲಿ ಬದಿಯ ಹಿರೇಮದ್ದು: ಅಶ್ವಗಂಧದ ತಳಿಗಳನ್ನು ಹೋಲಿಸುವುದು ಹೇಗೆ?

ಪ್ರಶ್ನೆ: ಮೇಡಂ, ನಮ್ಮದು ಹಿರಿಯೂರಿನ ಹತ್ತಿರ ಕೆಂಪು ಮಣ್ಣಿನ ಹೊಲ. ಎರಡು ವರ್ಷದಿಂದ ಅರ್ಧ ಎಕರೆಯಲ್ಲಿ ಅಶ್ವಗಂಧ ಹಾಕುತ್ತಿದ್ದೇನೆ. ಮೊದಲ ವರ್ಷ ಪೋಷಿತಾ ತಳಿ ಬಿತ್ತಿದೆ, ಚೆನ್ನಾಗಿ ಬಂತು. ಕಳೆದ ವರ್ಷ ಜವಾಹರ್ ಅಶ್ವಗಂಧ-134 ಬಿತ್ತಿದೆ, ಅಷ್ಟಕ್ಕಷ್ಟೆ. ಬೇಲಿ ಬದಿಯಲ್ಲಿ ತಾನಾಗಿ ಬೆಳೆದ ಹಿರೇಮದ್ದಿನ, ಅಂದರೆ ಕಾಡು ಅಶ್ವಗಂಧದ, ಗಿಡವೂ ಇದೆ. ಎದೆಮಟ್ಟ ಬೆಳೆದಿದೆ, ಯಾವ ಬರಕ್ಕೂ ಬಗ್ಗಿಲ್ಲ. ಇದನ್ನು ಪೋಷಿತಾ ಜೊತೆ ಕ್ರಾಸ್ ಮಾಡಿ ನಮ್ಮ ನೆಲಕ್ಕೆ ಒಗ್ಗುವ ತಳಿ ಮಾಡಬಹುದಾ? ತಳಿಗಳನ್ನು ಹೋಲಿಸುವಾಗ ಏನೇನು ಅಳೆಯಬೇಕು?

ಉತ್ತರ: ಮಾಡಬಹುದು. ಆದರೆ ನಿಮ್ಮ ಪ್ರಶ್ನೆಯಲ್ಲಿ ಒಂದು ಮಾತು ಕಣ್ಣಿಗೆ ಕುಕ್ಕಿತು. ಒಂದು ವರ್ಷ ಪೋಷಿತಾ, ಇನ್ನೊಂದು ವರ್ಷ 134 ಬಿತ್ತಿ, ಒಂದು ಚೆನ್ನ, ಒಂದು ಅಷ್ಟಕ್ಕಷ್ಟೆ ಅಂದಿದ್ದೀರಿ. ಆ ಎರಡು ವರ್ಷ ನೀವು ಹೋಲಿಸಿದ್ದು ಮಳೆಯನ್ನ, ತಳಿಯನ್ನಲ್ಲ.

ಅಶ್ವಗಂಧ ಔಷಧಿ ಬೇರಿಗಾಗಿ ಬೆಳೆಯುವ ಬೆಳೆ, ಅದಕ್ಕೆ ನೀರು ಜಾಸ್ತಿಯಾದರೆ ಆಗಿಬರುವುದಿಲ್ಲ. ಬಿತ್ತಿದ ತಿಂಗಳಲ್ಲೇ ಜಡಿಮಳೆ ಹಿಡಿದರೆ ಸಸಿ ಬುಡದಲ್ಲಿ ಕೊಳೆಯುತ್ತದೆ. ಉಳಿದ ಗಿಡ ಬರೀ ಸೊಪ್ಪು ಬಿಟ್ಟುಕೊಂಡು ನಿಲ್ಲುತ್ತದೆ, ಕೆಳಗೆ ಬೇರು ಸಣಕಲು. ಅದೇ ಬೀಜಕ್ಕೆ ಕೊನೆಯ ಎರಡು ತಿಂಗಳು ಒಣ ಹವೆ ಸಿಕ್ಕಿದರೆ ಬೆರಳು ಗಾತ್ರದ ನೇರ ಬೇರು ಬರುತ್ತದೆ. ಈ ಬೆಳೆ ಮಧ್ಯಪ್ರದೇಶದ ಮಂದಸೌರ್, ನೀಮಚ್ ಕಡೆಯಲ್ಲಿ ಬೇರೂರಿದ್ದು ಸುಮ್ನೆ ಅಲ್ಲ. ಮಳೆಗಾಲದ ಕೊನೆಗೆ ಬಿತ್ತಿ, ಒಣ ಚಳಿಗಾಲದಲ್ಲಿ ಬೇರು ಕಟ್ಟಿಸಿ, ಜನವರಿಯಿಂದ ಮಾರ್ಚ್ ಒಳಗೆ ಅಗೆಯುವ ಪದ್ಧತಿ ಅಲ್ಲಿಯದು. ನಿಮ್ಮ ಹಿರಿಯೂರಿನ ಹವೆ ಅದಕ್ಕೆ ಹತ್ತಿರವಾದದ್ದೇ. ಆದರೆ ಹಿಂಗಾರು ಒಂದು ವರ್ಷ ಕೈಕೊಟ್ಟು ಇನ್ನೊಂದು ವರ್ಷ ಸುರಿದರೆ, 134ಕ್ಕೆ ಬಂದ ಕೆಟ್ಟ ಹೆಸರು ಮೋಡದ ತಪ್ಪಿನಿಂದ ಬಂದದ್ದಾಗಿರಬಹುದು. ಆದ್ದರಿಂದ ತಳಿಗಳನ್ನು ಒಂದೇ ದಿನ, ಒಂದೇ ಹೊಲದಲ್ಲಿ, ಅಕ್ಕಪಕ್ಕ ಬಿತ್ತುವವರೆಗೆ ಯಾವುದಕ್ಕೂ ಅಂಕ ಕೊಡಬೇಡಿ.

ಈಗ ತಳಿಗಳ ಮಾತು. ಅಶ್ವಗಂಧ ಬದನೆ, ಟೊಮೆಟೊ ಕುಟುಂಬದ ಗಿಡ. ರಾಜಸ್ಥಾನದ ನಾಗೋರ್ ಸೀಮೆಯ ನಾಟಿ ತಳಿಗೆ 'ನಾಗೋರಿ' ಅಂತಲೇ ಹೆಸರು, ವೈದ್ಯರ ಬಾಯಲ್ಲೂ ವ್ಯಾಪಾರಿಗಳ ಬಾಯಲ್ಲೂ ಇರುವ ಹೆಸರು ಅದು. ಜವಾಹರ್ ಅಸಗಂಧ-20 ಮತ್ತು ಜವಾಹರ್ ಅಶ್ವಗಂಧ-134 ಎರಡೂ ಮಂದಸೌರಿನ ಸಂಶೋಧನಾ ಕೇಂದ್ರದಿಂದ ಬಂದವು. ಲಕ್ನೋದ ಸೀಮ್ಯಾಪ್ (ಕೇಂದ್ರೀಯ ಔಷಧೀಯ ಮತ್ತು ಸುಗಂಧ ಸಸ್ಯಗಳ ಸಂಸ್ಥೆ) ಪೋಷಿತಾ, ರಕ್ಷಿತಾ, ನಿಮಿಟ್ಲಿ-101, ನಿಮಿಟ್ಲಿ-118, ಪ್ರತಾಪ್, ಚೇತಕ್ ತಳಿಗಳನ್ನು ಕೊಟ್ಟಿದೆ. ಗುಜರಾತಿನ ಆನಂದ್‌ನಿಂದ ವಲ್ಲಭ್ ಅಶ್ವಗಂಧ-1 ಬಂದಿದೆ. ನಮ್ಮ ಬೆಂಗಳೂರಿನ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ತಳಿ ಅರ್ಕಾ ಅಶ್ವಗಂಧ. ಅದು ನಿಮ್ಮ ಪಟ್ಟಿಯಲ್ಲಿ ಇಲ್ಲ, ನನಗೆ ಆಶ್ಚರ್ಯ. ದಕ್ಷಿಣದ ಮಣ್ಣಿನಲ್ಲಿ ಆಯ್ಕೆಯಾದ ತಳಿಯನ್ನು ಬಿಟ್ಟು ಹೋಲಿಕೆ ಶುರು ಮಾಡಬೇಡಿ.

ಇದರಲ್ಲಿ ಯಾವುದು ಒಳ್ಳೆಯದು ಅಂತ ಎಲ್ಲರೂ ಕೇಳುತ್ತಾರೆ. ನಾನು ತಿರುಗಿ ಒಂದೇ ಕೇಳುತ್ತೇನೆ: ನಿಮ್ಮ ಬೇರು ಕೊಳ್ಳುವವರು ಯಾರು?

ಮಂಡಿಗೆ ಹೋಗುವ ಬೇರನ್ನು ಕಣ್ಣು, ಕೈ, ಕಿವಿಯಿಂದ ನೋಡುತ್ತಾರೆ. ಹೌದು, ಕಿವಿಯಿಂದಲೂ. ಒಣಗಿದ ಬೇರನ್ನು ಎರಡು ಕೈಯಲ್ಲಿ ಹಿಡಿದು ಮುರಿಯುತ್ತಾರೆ. ಟಪ್ ಅಂತ ಮುರಿದು ಒಳಗೆ ಬೆಳ್ಳಗೆ ಹಿಟ್ಟು ಕಂಡರೆ ಒಳ್ಳೆ ಮಾಲು. ಮುರಿಯದೆ ಬಗ್ಗಿ, ನಾರು ಎಳೆ ಎಳೆಯಾಗಿ ಬಿಟ್ಟುಕೊಂಡರೆ ದರ ಇಳಿಯಿತು ಅಂತಲೇ ಲೆಕ್ಕ. ಸುಮಾರು 7 ಸೆಂಟಿಮೀಟರ್ ಉದ್ದ, 1ರಿಂದ 1.5 ಸೆಂಟಿಮೀಟರ್ ದಪ್ಪ, ಗಟ್ಟಿ, ಒಳಗೆ ಬಿಳುಪು, ಕವಲಿಲ್ಲದ ತುಂಡಿಗೆ ಮೊದಲ ದರ್ಜೆ. ಸಣ್ಣದಾಗುತ್ತ, ಟೊಳ್ಳಾಗುತ್ತ ಹೋದಂತೆ ದರ್ಜೆ ಕೆಳಗಿಳಿಯುತ್ತದೆ. ಪುಡಿ ಮಾಡುವವರಿಗೆ ಹಿಟ್ಟಿನ ಬೇರೇ ಬೇಕು.

ಸಾರ ತೆಗೆಯುವ ಕಾರ್ಖಾನೆಯವರದ್ದು ಬೇರೆಯೇ ಲೆಕ್ಕ. ಅವರಿಗೆ ಬೇಕಾದದ್ದು ವಿಥನೊಲೈಡ್ ಅನ್ನುವ ರಾಸಾಯನಿಕಗಳು. ಇವು ಒಂದೆರಡಲ್ಲ, ದೊಡ್ಡ ಕುಟುಂಬವೇ ಇದೆ. ವಿಥನೊಲೈಡ್-ಎ ಮುಖ್ಯವಾಗಿ ಬೇರಿನದ್ದು. ವಿಥಾಫೆರಿನ್-ಎ ಎಲೆಯಲ್ಲಿ ಜಾಸ್ತಿ. ಬೇರು ನೋಡಲು ಸೊಟ್ಟಗಿದ್ದರೂ ಅವರಿಗೆ ಚಿಂತೆಯಿಲ್ಲ, ಹೇಗೂ ಪುಡಿ ಮಾಡಿ ದ್ರಾವಕದಲ್ಲಿ ನೆನೆಸುತ್ತಾರೆ.

ಒಂದು ಲೆಕ್ಕ ಹಾಕಿ ನೋಡಿ. ಸುಮ್ನೆ ಉದಾಹರಣೆಗೆ ತಗೊಂಡ ಸಂಖ್ಯೆಗಳು ಇವು. ಒಂದು ತಳಿ ಎಕರೆಗೆ 250 ಕಿಲೋ ಒಣ ಬೇರು ಕೊಡುತ್ತದೆ, ಅದರಲ್ಲಿ ವಿಥನೊಲೈಡ್ ಶೇ. 0.30. ಇನ್ನೊಂದು 180 ಕಿಲೋ ಕೊಡುತ್ತದೆ, ಅದರಲ್ಲಿ ಶೇ. 0.45. ಮೊದಲನೆಯದರಿಂದ ಸಿಗುವ ವಿಥನೊಲೈಡ್ 750 ಗ್ರಾಂ, ಎರಡನೆಯದರಿಂದ 810 ಗ್ರಾಂ. ಮಂಡಿಯಲ್ಲಿ ಮೊದಲನೆಯದು ಗೆಲ್ಲುತ್ತದೆ, ಕಾರ್ಖಾನೆಯ ಬಾಗಿಲಲ್ಲಿ ಎರಡನೆಯದು. 134ಕ್ಕೆ ವಿಥನೊಲೈಡ್ ಅಂಶ ಚೆನ್ನಾಗಿದೆ ಅನ್ನುವ ಹೆಸರಿದೆ. ನೀವು ಅದನ್ನು ತಕ್ಕಡಿಯಲ್ಲಿ ಮಾತ್ರ ತೂಗಿ ಅಷ್ಟಕ್ಕಷ್ಟೆ ಅಂದಿದ್ದೀರೇನೋ. ಯಾರಿಗೆ ಮಾರುತ್ತೀರಿ ಅಂತ ನಿರ್ಧಾರವಾಗದೆ ತಳಿ ಅಭಿವೃದ್ಧಿಗೆ ಕೈ ಹಾಕಿದರೆ ಪ್ರತಿ ವರ್ಷ ಒಂದೊಂದು ಗಿಡ ಚೆಂದ ಕಾಣುತ್ತದೆ, ಹತ್ತು ವರ್ಷ ಕಳೆದರೂ ಎಲ್ಲೂ ಮುಟ್ಟುವುದಿಲ್ಲ.

ಎಲೆಯ ವಿಷಯ ಬಂತಲ್ಲ, ಇಲ್ಲೇ ಹೇಳಿಬಿಡುತ್ತೇನೆ. ಎಲೆಯನ್ನು ಬೆರೆಸಿದರೆ ವಿಥನೊಲೈಡ್ ಅಂಶ ಜಾಸ್ತಿ ತೋರಿಸುತ್ತದೆ ಅಂತ ಕೆಲವರು ಬೇರಿನ ಜೊತೆ ಸೊಪ್ಪನ್ನೂ ಕೊಳ್ಳುತ್ತಾರೆ. 2021ರಲ್ಲಿ ಆಯುಷ್ ಸಚಿವಾಲಯ ಅಶ್ವಗಂಧದ ಎಲೆಯನ್ನು ಔಷಧ ತಯಾರಿಗೆ ಬಳಸಬೇಡಿ ಅಂತ ತಯಾರಕರಿಗೆ ಸೂಚನೆ ಕೊಟ್ಟಿದೆ. ನೀವು ಬೇರಿನ ತಳಿ ಮಾಡಿ. ಸೊಪ್ಪು ಜಾಸ್ತಿ ಬಿಡುವ ಗಿಡ ನೋಡಿ ಮರುಳಾಗಬೇಡಿ.

ಈಗ ಹೊಲಕ್ಕೆ ಇಳಿಯೋಣ. ಪೋಷಿತಾ, 134, ಅರ್ಕಾ ಅಶ್ವಗಂಧ, ಬೇಲಿ ಬದಿಯ ನಿಮ್ಮ ಹಿರೇಮದ್ದು. ಒಟ್ಟು ನಾಲ್ಕು. ಒಂದೊಂದು ತಾಕು 3 ಮೀಟರ್ ಉದ್ದ, 1.5 ಮೀಟರ್ ಅಗಲ. ಸಾಲಿನಿಂದ ಸಾಲಿಗೆ 30 ಸೆಂಟಿಮೀಟರ್, ಗಿಡದಿಂದ ಗಿಡಕ್ಕೆ 10. ಐದು ಸಾಲು ಬರುತ್ತವೆ, ಸಾಲಿಗೆ 30 ಗಿಡ. ನಾಲ್ಕೂ ತಳಿ ಸೇರಿದ ಒಂದು ಪಟ್ಟಿಯನ್ನು ನಾಲ್ಕು ಕಡೆ ಮಾಡಿ. ಒಂದು ಪಟ್ಟಿ ಇಳಿಜಾರಿನ ಮೇಲೆ, ಒಂದು ಕೆಳಗೆ, ಹೀಗೆ. ಪ್ರತಿ ಪಟ್ಟಿಯಲ್ಲೂ ತಳಿಗಳ ಕ್ರಮವನ್ನು ಚೀಟಿ ಎತ್ತಿ ತೀರ್ಮಾನಿಸಿ. ಪ್ರೀತಿಯ ತಳಿಗೆ ಒಳ್ಳೆ ಜಾಗ ಕೊಡುವ ಚಪಲ ಎಲ್ಲರಿಗೂ ಇರುತ್ತದೆ, ನನಗೂ ಇತ್ತು. ಚೀಟಿಗೆ ಆ ಚಪಲ ಇಲ್ಲ. ಒಟ್ಟು 16 ತಾಕು, 72 ಚದರ ಮೀಟರ್. ಓಡಾಡುವ ದಾರಿ, ಸುತ್ತ ಅಂಚಿನ ಸಾಲು ಸೇರಿ ಒಂದೂವರೆ ಗುಂಟೆಯೊಳಗೆ ಮುಗಿಯುತ್ತದೆ.

ನಾಲ್ಕು ಸಲ ಯಾಕೆ? ನಿಮ್ಮ ಹೊಲದಲ್ಲೇ ಹತ್ತು ಹೆಜ್ಜೆಗೆ ಮಣ್ಣು ಬದಲಾಗುತ್ತದೆ. ಹಳೆಯ ತಿಪ್ಪೆ ಇದ್ದ ಜಾಗದಲ್ಲಿ ಯಾವ ಬೀಜ ಹಾಕಿದರೂ ಚೆನ್ನಾಗಿಯೇ ಬರುತ್ತದೆ. ಒಂದು ತಳಿ ನಾಲ್ಕೂ ಪಟ್ಟಿಯಲ್ಲಿ ಇನ್ನೊಂದನ್ನು ಮೀರಿಸಿದರೆ ಆಗ ಕಿವಿ ನಿಮಿರಬೇಕು. ಆಗಲೂ ನಾಣ್ಯ ನಾಲ್ಕು ಸಲ ಚಿಮ್ಮಿದಾಗ ನಾಲ್ಕೂ ಸಲ ಒಂದೇ ಮುಖ ಬಿದ್ದ ಹಾಗೆ ಅದೃಷ್ಟದಿಂದ ಆಗಿರಬಹುದು. ನೀವು ಮೊದಲೇ ಹೇಳಿದ ಮುಖ ನಾಲ್ಕೂ ಸಲ ಬೀಳುವ ಸಾಧ್ಯತೆ ಹದಿನಾರಕ್ಕೆ ಒಂದು. ಎರಡನೇ ವರ್ಷವೂ ನಾಲ್ಕಕ್ಕೆ ನಾಲ್ಕು ಗೆದ್ದರೆ ಅದು 256ಕ್ಕೆ ಒಂದು. ಅದಕ್ಕೇ ಎರಡು ವರ್ಷ ಕಾಯಿರಿ ಅನ್ನುವುದು. ತಜ್ಞರು ಇದಕ್ಕೆ ದೊಡ್ಡ ದೊಡ್ಡ ಸೂತ್ರ ಹಾಕುತ್ತಾರೆ, ಒಳಗಿನ ತಿರುಳು ಇಷ್ಟೇ.

ಬೀಜದ ಬಗ್ಗೆ ಎಚ್ಚರ. ಅಶ್ವಗಂಧದ ಬೀಜ ಬದನೆ ಬೀಜದ ಹಾಗೆ ಚಪ್ಪಟೆ, ಅದಕ್ಕಿಂತಲೂ ಸಣ್ಣದು. ಸಾವಿರ ಬೀಜ ತೂಗಿದರೆ ಸುಮಾರು 2 ಗ್ರಾಂ. ಮೊಳಕೆ ಒಂದೇ ಸಮ ಬರುವುದಿಲ್ಲ, ಹಳೆಯದಾದಷ್ಟೂ ಮೊಳಕೆ ಬೀಳುತ್ತದೆ. ಒಂದು ತಳಿಯ ಬೀಜ ಹೋದ ಸುಗ್ಗಿಯದು, ಇನ್ನೊಂದರದ್ದು ಮೂರು ವರ್ಷದ ಹಿಂದಿನದು ಅಂತಾದರೆ ಮೊಳಕೆಯಲ್ಲೇ ಆಟ ಮುಗಿಯಿತು. ಬಿತ್ತುವ ಮುಂಚೆ ಪ್ರತಿ ತಳಿಯಿಂದ ನೂರು ಬೀಜ ಎಣಿಸಿ, ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟು ಮೊಳಕೆ ಎಣಿಸಿ. ಕಡಿಮೆ ಬಂದದ್ದನ್ನು ಒತ್ತಾಗಿ ಬಿತ್ತಿ, 25-30 ದಿನಕ್ಕೆ ಎಲ್ಲದರಲ್ಲೂ ಹೆಚ್ಚುವರಿ ಸಸಿ ಕಿತ್ತು ಒಂದೇ ಅಂತರಕ್ಕೆ ತನ್ನಿ. ಬೀಜಕ್ಕೆ ಮರಳು ಬೆರೆಸಿಕೊಂಡರೆ ಸಾಲಿನಲ್ಲಿ ಸಮನಾಗಿ ಬೀಳುತ್ತದೆ. ಒಂದು, ಒಂದೂವರೆ ಸೆಂಟಿಮೀಟರ್ ಆಳ ಸಾಕು.

ಸಸಿ ಮಡಿಯಲ್ಲಿ ಬೆಳೆಸಿ ಕಿತ್ತು ನಾಟಿ ಮಾಡಬೇಡಿ. ಕೀಳುವಾಗ ತಾಯಿಬೇರಿನ ತುದಿ ತುಂಡಾದರೆ ಅದು ಕವಲೊಡೆಯುತ್ತದೆ. ಆಮೇಲೆ ನೀವು ಅದನ್ನು ನೋಡಿ 'ಈ ತಳಿಗೆ ಕವಲು ಜಾಸ್ತಿ' ಅಂತ ಬರೆದುಕೊಳ್ಳುತ್ತೀರಿ. ಕಿತ್ತ ಕೈಯ ತಪ್ಪು ಗಿಡದ ಜಾತಕಕ್ಕೆ ಹೋಗುತ್ತದೆ.

ಇನ್ನೊಂದು. ಚೀಟಿಯಲ್ಲಿ ಇರುವ ಹೆಸರೇ ಚೀಲದಲ್ಲಿ ಇರುತ್ತದೆ ಅಂತ ನಂಬಬೇಡಿ. ಒಮ್ಮೆ ಒಂದು ಅಂಗಡಿಯಿಂದ ಹೆಸರಾಂತ ತಳಿ ಅಂತ ತಂದ ಬೀಜ ಬಿತ್ತಿದ್ದೆ. ಹಣ್ಣಾಗುವ ಹೊತ್ತಿಗೆ ಅದೇ ಸಾಲಿನಲ್ಲಿ ಒಂದು ಗಿಡಕ್ಕೆ ಹಳದಿ ಹಣ್ಣು, ಪಕ್ಕದ್ದಕ್ಕೆ ಕಡು ಕಿತ್ತಳೆ. ಒಂದು ಮೊಳಕಾಲುದ್ದ, ಇನ್ನೊಂದು ಸೊಂಟದುದ್ದ. ಒಂದು ವರ್ಷದ ಕೆಲಸ ಹೋಯಿತು. ಬೀಜವನ್ನು ತಳಿ ಕೊಟ್ಟ ಸಂಸ್ಥೆಯಿಂದಲೇ ತರಿಸಿ. ಸೀಮ್ಯಾಪ್‌ಗೆ ಬೆಂಗಳೂರಿನಲ್ಲೇ ಒಂದು ಕೇಂದ್ರ ಇದೆ, ಲಕ್ನೋವರೆಗೆ ಹೋಗುವ ಅಗತ್ಯ ಇಲ್ಲ.

ಹಿಂದಿನ ಬೆಳೆ ಟೊಮೆಟೊ ಅಥವಾ ಬದನೆ ಆಗಿದ್ದ ಜಾಗವನ್ನು ಬಿಟ್ಟುಬಿಡಿ. ಇದಕ್ಕೆ ಒಂದು ಕಥೆ ಇದೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ ನಾನು ಅಗೆದ ಸಾಲಿನಲ್ಲಿ ಮೂರು ಗಿಡದ ಬೇರು ಉಳಿದದ್ದರ ದುಪ್ಪಟ್ಟು ದಪ್ಪ ಇತ್ತು. ಖುಷಿಯಲ್ಲಿ ಕೆಂಪು ದಾರ ಕಟ್ಟಿ ಬೀಜ ಎತ್ತಿಟ್ಟೆ. ಅಲ್ಲಿದ್ದ ಹಿರಿಯ ಕೆಲಸಗಾರರೊಬ್ಬರು ಬೇರನ್ನು ನೀರಲ್ಲಿ ತೊಳೆದು ಕೈಗೆ ಕೊಟ್ಟರು. 'ಅಮ್ಮಾ, ಇದು ದಪ್ಪ ಅಲ್ಲ, ಗಂಟು' ಅಂದರು. ಬೇರುಗಂಟು ಜಂತುಹುಳು. ಟೊಮೆಟೊ, ಬದನೆ ಬೆಳೆದ ನೆಲದಲ್ಲಿ ಉಳಿದುಕೊಂಡು ಅಶ್ವಗಂಧಕ್ಕೂ ತಗಲುತ್ತದೆ. ನಾನು ರೋಗಕ್ಕೆ ಮೊದಲು ಬಗ್ಗುವ ಗಿಡಗಳನ್ನೇ ಹುಡುಕಿ ಹುಡುಕಿ ಆರಿಸಿದ್ದೆ! ಅಂದಿನಿಂದ ಬೇರು ತೊಳೆಯದೆ ತಕ್ಕಡಿಗೆ ಹಾಕಿಲ್ಲ. ಎಲೆಯನ್ನು ಜಾಲರಿ ಮಾಡಿಬಿಡುವ 28 ಚುಕ್ಕೆಯ ದುಂಬಿಯೂ ಬದನೆಯಿಂದಲೇ ಬರುತ್ತದೆ. ಅದು ಯಾವ ತಾಕಿಗೆ ಎಷ್ಟು ಬಿತ್ತು ಅಂತ ಬರೆದಿಡಿ, ಅದೂ ಹೋಲಿಕೆಯ ಭಾಗವೇ.

ಏನೇನು ಅಳೆಯಬೇಕು ಅಂತ ಕೇಳಿದ್ದೀರಿ. ಪುಸ್ತಕಗಳಲ್ಲಿ ಎಲೆಯ ಉದ್ದ, ಕೊಂಬೆಗಳ ಸಂಖ್ಯೆ ಅಂತ ಇಪ್ಪತ್ತು ಮೂವತ್ತು ಗುಣಗಳ ಪಟ್ಟಿ ಸಿಗುತ್ತದೆ. ಅಷ್ಟೂ ಬೇಡ. ಗಿಡದ ಎತ್ತರ, ಹೂ ಶುರುವಾದ ದಿನ, ಹಣ್ಣಿನ ಬಣ್ಣ. ಇವು ಸುಲಭ, ತಳಿಯ ಗುರುತಿಗೂ ಬೇಕು. ಉಳಿದ ಶಕ್ತಿಯೆಲ್ಲ ನೆಲದ ಕೆಳಗೆ ಹಾಕಿ.

ಸುಮಾರು 150ರಿಂದ 180 ದಿನಕ್ಕೆ ಎಲೆ ಒಣಗಿ, ಹಣ್ಣು ಬಣ್ಣಕ್ಕೆ ತಿರುಗಿದಾಗ ಅಗೆಯುವ ಕಾಲ. ಹಿಂದಿನ ದಿನ ತುಸು ನೀರು ಹಾಯಿಸಿದರೆ ಬೇರು ತುಂಡಾಗದೆ ಬರುತ್ತದೆ. ತಾಕಿನ ಅಂಚಿನ ಎರಡು ಸಾಲು, ಪ್ರತಿ ಸಾಲಿನ ಕೊನೆಯ ಗಿಡಗಳನ್ನು ಲೆಕ್ಕಕ್ಕೆ ತಗೋಬೇಡಿ. ದಾರಿಯ ಪಕ್ಕದ ಗಿಡಕ್ಕೆ ಬಿಸಿಲೂ ಜಾಸ್ತಿ, ಜಾಗವೂ ಜಾಸ್ತಿ. ನಡುವಿನ ಮೂರು ಸಾಲನ್ನು ಪೂರ್ತಿ ಅಗೆದು ತೂಕ ಹಾಕಿ. ಅದರಲ್ಲಿ ಹತ್ತು ಗಿಡವನ್ನು ಕಣ್ಣುಮುಚ್ಚಿ ಆರಿಸಿ, ಒಂದೊಂದರ ಬೇರಿನ ಉದ್ದ, ಬುಡದಿಂದ ಎರಡು ಬೆರಳು ಕೆಳಗಿನ ದಪ್ಪ, ಕವಲು, ಹಸಿ ತೂಕ, ಒಣ ತೂಕ ಬರೆಯಿರಿ. ಹಸಿ ತೂಕ ನೋಡಿ ತೀರ್ಮಾನ ಮಾಡಬೇಡಿ. ಕೆಲವು ಬೇರು ನೀರು ತುಂಬಿಕೊಂಡು ಡೌಲು ಹೊಡೆಯುತ್ತವೆ, ಒಣಗಿದ ಮೇಲೆ ಬಣ್ಣ ಬಯಲು. ಒಣಗಿದ್ದನ್ನು ಮುರಿದು, ಟಪ್ ಅಂದಿತಾ, ನಾರು ಬಿಟ್ಟಿತಾ ಅನ್ನುವುದನ್ನೂ ಬರೆಯಿರಿ. ದುಡ್ಡು ಖರ್ಚಿಲ್ಲದ ಪರೀಕ್ಷೆ ಅದು.

ಇದರಲ್ಲಿ ಉದ್ದವನ್ನು ತುಂಬ ನಂಬಬೇಡಿ. ಬೇರಿನ ಉದ್ದವನ್ನು ಅರ್ಧಕ್ಕಿಂತ ಜಾಸ್ತಿ ನಿಮ್ಮ ನೇಗಿಲೇ ತೀರ್ಮಾನಿಸುತ್ತದೆ ಅನ್ನುವುದು ನನ್ನ ಅನುಭವ. ಕೆಳಗೆ ಗಟ್ಟಿ ಪದರ ಸಿಕ್ಕಿದ ಬೇರು ಎಷ್ಟೇ ಒಳ್ಳೆ ಜಾತಿಯದಾದರೂ ಸೊಟ್ಟಗಾಗಿ ಕವಲೊಡೆಯುತ್ತದೆ.

ಪ್ರಯೋಗಾಲಯದ ವರದಿ ಬೇರೆಯೇ ಪುರಾಣ. 'ಒಟ್ಟು ವಿಥನೊಲೈಡ್' ಅಂತ ಒಂದು ಸಂಖ್ಯೆ ಬರೆದು ಕೊಡುತ್ತಾರೆ. ಯಾವ ವಿಧಾನ ಅಂತ ಕೇಳಿ. ಸಾರ ತೆಗೆದು, ಒಣಗಿಸಿ, ತೂಗುವ ಹಳೆಯ ವಿಧಾನದಲ್ಲಿ ಬೇರೆ ಪದಾರ್ಥಗಳೂ ಸೇರಿಕೊಂಡು ಸಂಖ್ಯೆ ಉಬ್ಬುತ್ತದೆ. ಎಚ್‌ಪಿಎಲ್‌ಸಿ ಯಂತ್ರದಲ್ಲಿ ಒಂದೊಂದು ರಾಸಾಯನಿಕವನ್ನೂ ಬೇರ್ಪಡಿಸಿ ಅಳೆಯುತ್ತಾರೆ. ಒಂದು ತಳಿಯ ವರದಿ ಹಳೆ ವಿಧಾನದ್ದು, ಇನ್ನೊಂದರದ್ದು ಎಚ್‌ಪಿಎಲ್‌ಸಿಯದ್ದು ಅಂದರೆ ಹೋಲಿಸಲೇಬೇಡಿ. ಎಲ್ಲ ಮಾದರಿಯನ್ನೂ ಒಂದೇ ದಿನ, ಒಂದೇ ಕಡೆಗೆ ಕಳಿಸಿ. ಪೊಟ್ಟಣದ ಮೇಲೆ ತಳಿಯ ಹೆಸರು ಬರೆಯಬೇಡಿ, ಸಂಖ್ಯೆ ಮಾತ್ರ ಇರಲಿ. ಮತ್ತೆ ಒಂದು ಕಿತಾಪತಿ ಮಾಡಿ: ಒಂದೇ ಪುಡಿಯನ್ನು ಎರಡು ಪೊಟ್ಟಣ ಕಟ್ಟಿ, ಬೇರೆ ಬೇರೆ ಸಂಖ್ಯೆ ಬರೆದು ನಡುವೆ ಸೇರಿಸಿ. ನಾನು ಹೀಗೆ ಮಾಡಿದಾಗ ಒಮ್ಮೆ ಒಂದು ಪ್ರಯೋಗಾಲಯದ ವರದಿಯಲ್ಲಿ ಅವಳಿ ಪೊಟ್ಟಣಗಳಲ್ಲಿ ಒಂದು ಇನ್ನೊಂದರ ಒಂದೂವರೆ ಪಟ್ಟು ತೋರಿಸಿತ್ತು. ಅವಳಿಗಳ ನಡುವೆಯೇ ಅಷ್ಟು ಅಂತರ ಇದ್ದರೆ ತಳಿಗಳ ನಡುವಿನ ಅಂತರಕ್ಕೆ ಏನು ಬೆಲೆ? ಮಾದರಿಗೆ ದಪ್ಪ ಬೇರು, ಸಣ್ಣ ಬೇರು ಎಲ್ಲ ಸೇರಿಸಿ ಪುಡಿ ಮಾಡಿ, ಚೆನ್ನಾಗಿ ಕಲಸಿ ತೆಗೆಯಿರಿ. ಬುಡದ ಕಾಂಡದ ತುಂಡು ಉಳಿಯದ ಹಾಗೆ ಕತ್ತರಿಸಿ.

ಇನ್ನು ನನಗೆ ಪ್ರಿಯವಾದ ಭಾಗ. ಬೇರಿನ ಬೆಳೆಯಲ್ಲಿ ತಳಿ ಮಾಡುವವರಿಗೆ ಒಂದು ಇಕ್ಕಟ್ಟು. ಗುಣ ಇರುವುದು ನೆಲದ ಕೆಳಗೆ. ನೋಡಬೇಕು ಅಂದರೆ ಕೀಳಬೇಕು, ಕಿತ್ತರೆ ಗಿಡ ಸತ್ತಿತು. ಮೂಲಂಗಿ, ಕ್ಯಾರೆಟ್‌ನವರು ಬೇರು ನೋಡಿ ಮತ್ತೆ ನೆಟ್ಟು ಬೀಜ ತೆಗೆಯುವ ಸರ್ಕಸ್ ಮಾಡುತ್ತಾರೆ. ಅಶ್ವಗಂಧ ಆ ಮಟ್ಟಿಗೆ ದೊಡ್ಡ ಮನಸ್ಸಿನ ಗಿಡ. ಬೇರು ಅಗೆಯುವ ಹೊತ್ತಿಗೆ ಹಣ್ಣೂ ಮಾಗಿರುತ್ತದೆ. ಹಾಗಾಗಿ ಅಗೆಯುವ ಮುಂಚೆ ಪ್ರತಿ ಗಿಡದ ಹಣ್ಣನ್ನು ಬೇರೆ ಬೇರೆ ಕಾಗದದ ಚೀಲಕ್ಕೆ ಹಾಕಿ, ಸಂಖ್ಯೆ ಬರೆದು, ಅದೇ ಸಂಖ್ಯೆಯ ಚೀಟಿಯನ್ನು ಗಿಡದ ಬುಡಕ್ಕೆ ಕಟ್ಟಿ. ಆಮೇಲೆ ಗುದ್ದಲಿ ಹಾಕಿ. ಬೇರು ಹಿಡಿಸಿತಾ, ಆ ಸಂಖ್ಯೆಯ ಚೀಲ ಉಳಿಸಿ. ಹಿಡಿಸಲಿಲ್ಲವಾ, ಆ ಬೀಜವನ್ನು ಮಾಮೂಲಿ ಬಿತ್ತನೆಗೆ ಸೇರಿಸಿ.

ನೀವು ಶುರು ಮಾಡಬೇಕಾದದ್ದು ಇಲ್ಲಿಂದ, ಕ್ರಾಸ್‌ನಿಂದ ಅಲ್ಲ. ನಿಮ್ಮ ಅರ್ಧ ಎಕರೆಯಲ್ಲಿ ಸಾವಿರಾರು ಗಿಡ ಇವೆ. ಅದರಲ್ಲಿ ನೂರು ಗಿಡಕ್ಕೆ ಹೀಗೆ ಸಂಖ್ಯೆ ಕಟ್ಟಿ. ಅಗೆದ ಮೇಲೆ ಒಳ್ಳೆಯ ಇಪ್ಪತ್ತನ್ನು ಉಳಿಸಿ. ಮುಂದಿನ ವರ್ಷ ಒಂದೊಂದು ಗಿಡದ ಬೀಜವನ್ನು ಒಂದೊಂದು ಸಾಲಾಗಿ ಬಿತ್ತಿ. ತಾಯಿ ಗಿಡ ಚೆನ್ನಾಗಿತ್ತು, ಮಕ್ಕಳು ಸಾಧಾರಣ ಅಂದರೆ ತಾಯಿಗೆ ಜಾಗ ಚೆನ್ನಾಗಿ ಸಿಕ್ಕಿತ್ತು ಅಂತ ಅರ್ಥ. ಇಡೀ ಸಾಲೇ ಒಂದೇ ಸಮ ಚೆನ್ನಾಗಿದ್ದರೆ ಆ ಗುಣ ರಕ್ತದಲ್ಲಿದೆ. ಅಶ್ವಗಂಧದ ಹೂವಿನಲ್ಲಿ ಗಂಡು ಭಾಗ, ಹೆಣ್ಣು ಭಾಗ ಎರಡೂ ಒತ್ತೊತ್ತಾಗಿರುತ್ತವೆ, ಬಹುಪಾಲು ತನ್ನ ಪರಾಗಕ್ಕೇ ಕಾಯಿ ಕಟ್ಟುತ್ತದೆ. ಹಾಗಾಗಿ ಒಂಟಿ ಗಿಡದ ಆಯ್ಕೆ ಇದರಲ್ಲಿ ಬೇಗ ಫಲ ಕೊಡುತ್ತದೆ. ಕೀಟಗಳಿಂದ ಅಷ್ಟಿಷ್ಟು ಬೆರಕೆ ಆಗುವುದೂ ಉಂಟು. ಆಯ್ದ ಗಿಡದ ಒಂದೆರಡು ಕೊಂಬೆಗೆ ಹೂ ಅರಳುವ ಮುಂಚೆಯೇ ತೆಳು ಬಟ್ಟೆಯ ಚೀಲ ಕಟ್ಟಿದರೆ ಆ ಚಿಂತೆಯೂ ಇಲ್ಲ.

ಈಗ ಬೇಲಿ ಬದಿಯ ಗಿಡ. ಅದರ ಮೇಲೆ ನಿಮಗೆ ಪ್ರೀತಿ, ಅರ್ಥವಾಗುತ್ತದೆ. ಆದರೆ ಕಾಡು ಅಶ್ವಗಂಧಕ್ಕೂ ಬೆಳೆಸುವ ಅಶ್ವಗಂಧಕ್ಕೂ ಅಂತರ ದೊಡ್ಡದು. ಎಷ್ಟು ಅಂದರೆ ಇವೆರಡು ಬೇರೆ ಬೇರೆ ಪ್ರಭೇದಗಳೇ ಅಂತ ವಾದಿಸಿದ ವಿಜ್ಞಾನಿಗಳೂ ಇದ್ದಾರೆ. ಕಾಡಿನದು ವರ್ಷಗಟ್ಟಲೆ ಬದುಕುವ ಪೊದೆ, ಬೇರು ಮರಗಟ್ಟಿದ ನಾರು. ಬೆಳೆಸುವುದು ಕುಳ್ಳು, ಒಂದೇ ಹಂಗಾಮಿನದು, ಬೇರು ಹಿಟ್ಟು. ನಿಮ್ಮ ಗಿಡ ಬರಕ್ಕೆ ಬಗ್ಗದೆ ನಿಂತಿರುವುದು ಆಳಕ್ಕೆ ಇಳಿದ ಹಳೆಯ ಬೇರಿನಿಂದ ಇರಬಹುದು. ಅದರ ಬೀಜ ಬಿತ್ತಿದ ಐದು ತಿಂಗಳ ಸಸಿಗೆ ಆ ಆಸ್ತಿ ಇರುವುದಿಲ್ಲ. ಅದಕ್ಕೇ ಮೊದಲು ಅದರ ಬೀಜವನ್ನೂ ತಾಕಿನಲ್ಲಿ ಬಿತ್ತಿ, ಒಂದೇ ವಯಸ್ಸಿನ ಗಿಡಗಳನ್ನು ಹೋಲಿಸಿ ಅಂದದ್ದು. ಒಂದು ಉಪಕಾರ ಆಗಬಹುದು: ಎಲೆಚುಕ್ಕೆ ರೋಗ, ದುಂಬಿ ಅದರ ಮೇಲೆ ಕಮ್ಮಿ ಕಂಡರೆ ಆ ಗುಣವನ್ನು ಎರವಲು ತರಬಹುದು.

ಆಗಲೂ ಕ್ರಾಸ್ ಮಾಡಲೇಬೇಕು ಅನ್ನಿಸಿದರೆ ಕೈ ಹಗುರ ಇರಲಿ. ಹಸಿರು ಮಿಶ್ರಿತ ಹಳದಿ ಹೂವು, ಅಕ್ಕಿಕಾಳಿಗಿಂತ ತುಸು ದೊಡ್ಡದು ಅಷ್ಟೇ. ಎಲೆಯ ಕಂಕುಳಲ್ಲಿ ಗೊಂಚಲಾಗಿ ಅಡಗಿರುತ್ತದೆ. ಮಾರನೇ ದಿನ ಅರಳಲಿರುವ ಮೊಗ್ಗನ್ನು ಸಂಜೆ ಹೊತ್ತು ಆರಿಸಿ, ಗೊಂಚಲಿನ ಉಳಿದ ಮೊಗ್ಗುಗಳನ್ನು ತೆಗೆದುಬಿಡಿ. ಮೊನೆ ಚಿಮಟದಿಂದ ಪಕಳೆ ಬಿಡಿಸಿ, ಒಳಗಿನ ಐದು ಕೇಸರಗಳನ್ನು ಒಡೆಯದಂತೆ ಒಂದೊಂದಾಗಿ ಕೀಳಿ. ಒಂದು ಒಡೆದರೂ ಆ ಹೂ ಬಿಟ್ಟು ಬೇರೆ ಹೂವಿಗೆ ಹೋಗಿ. ಮುಚ್ಚುವ ಕಾಗದದ ಚೀಲ ಕಟ್ಟಿ, ಬೆಳಿಗ್ಗೆ ಇನ್ನೊಂದು ಗಿಡದ ಪರಾಗ ಮುಟ್ಟಿಸಿ, ಮತ್ತೆ ಕಟ್ಟಿ. ಮೊದಲ ದಿನ ಹತ್ತು ಹೂ ಮಾಡಿದರೆ ಎರಡು ನಿಂತರೂ ಅದೃಷ್ಟ. ಒಂದು ಹಣ್ಣಿನಲ್ಲೇ ಹತ್ತಾರು ಬೀಜ ಸಿಗುತ್ತದೆ, ಸಾಕು. ಪೋಷಿತಾವನ್ನು ತಾಯಿ ಮಾಡಿ. ಹುಟ್ಟಿದ ಗಿಡ ಎಲ್ಲದರಲ್ಲೂ ತಾಯಿಯ ಪಡಿಯಚ್ಚಾಗಿದ್ದರೆ ಕ್ರಾಸ್ ಆಗಿಲ್ಲ, ತನ್ನ ಪರಾಗಕ್ಕೇ ಕಟ್ಟಿದೆ ಅಂತ ತಿಳಿಯಿರಿ.

ಮೊದಲ ತಲೆಮಾರು ಒಂದೇ ಥರ ಇರುತ್ತದೆ. ಎರಡನೇ ತಲೆಮಾರಿನಲ್ಲಿ ಸಂತೆ ಬಿಚ್ಚಿಕೊಳ್ಳುತ್ತದೆ. ಎತ್ತರ, ಗಿಡ್ಡ, ನಾರು, ಹಿಟ್ಟು, ಎಲ್ಲವೂ. ಅದನ್ನು 45ಕ್ಕೆ 30 ಸೆಂಟಿಮೀಟರ್ ಅಂತರದಲ್ಲಿ 400 ಗಿಡವಾದರೂ ಬೆಳೆಸಿ, ಅರ್ಧ ಗುಂಟೆಗೂ ಸ್ವಲ್ಪ ಜಾಸ್ತಿ ಜಾಗ ಸಾಕು. ಅಲ್ಲಿಂದ ಪ್ರತಿ ತಲೆಮಾರಿಗೂ ಬೆರಕೆ, ಅಂದರೆ ತಾಯಿ ಕಡೆಯ, ತಂದೆ ಕಡೆಯ ಭಿನ್ನ ಗುಣಗಳು ಗಿಡದೊಳಗೆ ಜೋಡಿಯಾಗಿ ಉಳಿದ ಪಾಲು, ಅರ್ಧಕ್ಕಿಳಿಯುತ್ತದೆ. ಎರಡನೇ ತಲೆಮಾರಿನಲ್ಲಿ ಶೇ. 50 ಇದ್ದದ್ದು ಆರನೆಯದಕ್ಕೆ ಶೇ. 3 ಚಿಲ್ಲರೆ. ವರ್ಷಕ್ಕೆ ಒಂದು ಬೆಳೆ ಅಂದರೆ ಕ್ರಾಸ್ ಮಾಡಿದ ದಿನದಿಂದ ಸ್ಥಿರವಾದ ತಳಿ ಕೈಗೆ ಬರಲು ಎಂಟರಿಂದ ಹತ್ತು ವರ್ಷ. ಒಂಟಿ ಗಿಡದ ಆಯ್ಕೆಯಾದರೆ ನಾಲ್ಕೈದು ವರ್ಷದಲ್ಲಿ ಕೈಗೆ ಏನಾದರೂ ಸಿಗುತ್ತದೆ. ಎರಡನ್ನೂ ಜೊತೆಗೇ ನಡೆಸಿದರೂ ಆಯಿತು, ಆದರೆ ಮನೆ ನಡೆಸಬೇಕಾದದ್ದು ಕ್ರಾಸ್‌ನಿಂದ ಅಲ್ಲ, ಒಂಟಿ ಗಿಡದ ಆಯ್ಕೆಯಿಂದ.

ಕಾನೂನಿನ ಬಗ್ಗೆ ಎರಡೇ ಮಾತು. 2001ರ ಸಸ್ಯ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆಯಲ್ಲಿ, ನೋಂದಣಿಯಾದ ತಳಿಯನ್ನೂ ಹೊಸ ತಳಿ ಮಾಡಲು ಮೂಲವಾಗಿ ಬಳಸಲು ಅವಕಾಶ ಇದೆ. ರೈತರು ತಮ್ಮ ಬೀಜ ಉಳಿಸಿಕೊಳ್ಳಬಹುದು, ಬಿತ್ತಬಹುದು, ಹಂಚಿಕೊಳ್ಳಬಹುದು, ಮಾರಲೂಬಹುದು. ಸಂರಕ್ಷಿತ ತಳಿಯ ಬೀಜವನ್ನು ಆ ತಳಿಯ ಬ್ರ್ಯಾಂಡ್ ಹೆಸರು ಹಾಕಿ ಮಾರುವಂತಿಲ್ಲ, ಅಷ್ಟೇ. ನಿಮ್ಮದೇ ತಳಿ ನಿಂತ ಮೇಲೆ ರೈತ ತಳಿಯಾಗಿ ನೋಂದಾಯಿಸಲು ಶುಲ್ಕ ಇಲ್ಲ. ಆದರೆ ಅದು ಬೇರೆ ತಳಿಗಿಂತ ಯಾವುದರಲ್ಲಿ ಭಿನ್ನ ಅಂತ ತೋರಿಸಬೇಕಾಗುತ್ತದೆ. ಆಗ ಇವತ್ತು ಬರೆದಿಟ್ಟ ಎತ್ತರ, ಹೂವಿನ ದಿನ, ಹಣ್ಣಿನ ಬಣ್ಣದ ಪುಸ್ತಕವೇ ಕೆಲಸಕ್ಕೆ ಬರುವುದು. ಬಿಡಿ ಹಾಳೆ ಬೇಡ, ಗಟ್ಟಿ ರಟ್ಟಿನ ನೋಟ್‌ಬುಕ್ಕು ತಗೊಳ್ಳಿ. ಪೆನ್ಸಿಲ್‌ನಲ್ಲಿ ಬರೆಯಿರಿ, ಮಳೆಹನಿ ಬಿದ್ದರೂ ಅಳಿಸುವುದಿಲ್ಲ.

ಈ ವರ್ಷದ ಬೆಳೆ ಈಗಾಗಲೇ ಹೊಲದಲ್ಲಿ ನಿಂತಿದೆಯೇನೋ. ಇದ್ದರೆ ಮುಂದಿನ ಬಿತ್ತನೆಗೆ ಕಾಯಬೇಡಿ. ನೂರು ಚೀಟಿ, ನೂರು ಕಾಗದದ ಚೀಲ, ಒಂದು ಅಡಿಪಟ್ಟಿ ತಗೊಂಡು ಹಣ್ಣು ಬಣ್ಣಕ್ಕೆ ತಿರುಗಿದ ವಾರ ಇಳಿಯಿರಿ. ತೊಳೆದ ಬೇರುಗಳನ್ನು ಅಡಿಪಟ್ಟಿಯ ಪಕ್ಕ ಸಾಲಾಗಿ ಇಟ್ಟು, ಸಂಖ್ಯೆ ಕಾಣುವ ಹಾಗೆ ಫೋಟೋ ತೆಗೆದು ಕಳಿಸಿ. ಬೇಲಿ ಬದಿಯ ಗಿಡವನ್ನು ಮಾತ್ರ ಕೀಳಬೇಡಿ, ಅದರ ಹಣ್ಣು ಸಾಕು.